ಅಪ್ಪನ ಕೊಕ್ಕರೆ

ಫೆಬ್ರುವರಿ 4

ಅಣ್ಣಾ,

ಇಷ್ಟು ದಿನ ಕಾಗದ ಹಾಕಲಿಲ್ಲ ಎಂದು ಬೈಯಲು ಶುರುಮಾಡಬೇಡ, ಮೊದಲು ಸುದ್ದಿ ಕೇಳು. ನನಗೆ ಕೆಲಸ ಸಿಕ್ಕಿದೆ. ಲಾಂಡ್ರಿ ಕಂಪನಿಯ ವ್ಯಾನು ಓಡಿಸುವ ಕೆಲಸ. ಬೆಳಗ್ಗೆ ಇಸ್ತ್ರಿ ಮಾಡಿದ ಚಾದರ, ದಿಂಬಿನ ಚೀಲಗಳನ್ನು ತುಂಬಿಕೊಂಡು ಹೋಟೆಲುಗಳಿಗೆ ಇಳಿಸಬೇಕು. ಕೊಳೆ ಬಟ್ಟೆಯ ಗಂಟು ಹೇರಿಕೊಂಡು ವಾಪಸು ಬರಬೇಕು. ಮೂರು ತಿಂಗಳು ನೋಡುತ್ತಾರಂತೆ, ಸರಿಹೋದರೆ ಕಾಯಂ. ಅಮ್ಮ ಬ್ರೆಡ್ಡಿನ ವ್ಯಾನು ಓಡಿಸಿದಳು, ಮಗಳು ಚಾದರದ ವ್ಯಾನು ಓಡಿಸುತ್ತಾಳೆ. ನಮ್ಮ ಮನೆ ಹೆಂಗಸರಿಗೆ ಸ್ಟಿಯರಿಂಗು ಬಿಟ್ಟರೆ ಬೇರೆ ಒಡವೆ ಇಲ್ಲ ನೋಡು.

ಮರಿಯೂ ನನ್ನ ಜೊತೆಗೇ ಬರುತ್ತದೆ. ಬೇರೆ ದಾರಿಯೇ ಇಲ್ಲ. ಇವರು ಹಡಗು ಹತ್ತಿ ಹೋಗಿಯಾಯಿತು, ಎಂಜಿನ್ ಕೋಣೆಯಿಂದ ಮೇಲೆ ಬಂದು ಮನೆ ಮುಖ ನೋಡುವುದು ವರ್ಷದ ಕೊನೆಗೆ. ಶಿಶುವಿಹಾರದವರು ವರ್ಷ ತುಂಬದ ಕೂಸನ್ನು ಸೇರಿಸಿಕೊಳ್ಳುವುದಿಲ್ಲ. ನಮ್ಮ ಕಂಪನಿಯಲ್ಲಿ ಗಾಡಿ ಬಿಡುವ ಮೇಲ್ವಿಚಾರಕರೊಬ್ಬರಿದ್ದಾರೆ. ಸದಾ ಗೇಟಿನಲ್ಲಿ ಕೈ ಗಡಿಯಾರ ನೋಡುತ್ತ ನಿಂತಿರುತ್ತಾರೆ, ಹಾಗಾಗಿ ಡ್ರೈವರುಗಳೆಲ್ಲ ಅವರಿಗೆ ‘ಗಡಿಯಾರ’ ಎಂದೇ ಹೆಸರಿಟ್ಟಿದ್ದಾರೆ. ಅವರ ಹತ್ತಿರ ಗೋಗರೆದೆ. “ಮಗು ಕರ್ಕೊಂಡ್ ಹೋಗಮ್ಮ, ನನಗೇನೂ ಇಲ್ಲ. ತಡ ಮಾತ್ರ ಆಗ್ಬಾರ್ದು” ಅಂದರು. ಹಾಗಾಗಿ ಪಕ್ಕದ ಸೀಟಿಗೆ ಮಗುವಿನ ಕಾರ್ ಸೀಟು ಬಿಗಿದು ಹೊರಡುತ್ತೇನೆ.

ಎಲ್ಲ ಸರಿ, ಹಾಲಿನ ಹೊತ್ತೇ ಪೇಚಾಟ. ನನ್ನ ಹಾಲು ಎರಡನೇ ತಿಂಗಳಿಗೇ ಬತ್ತಿತು, ಈಗ ಬಾಟಲಿಯೇ ಗತಿ. ಸೇತುವೆ ಹತ್ತುವ ಹೊತ್ತಿಗೆ ಸರಿಯಾಗಿ ಅದಕ್ಕೆ ಹಸಿವು. ಒಂದು ಕೈಯಲ್ಲಿ ಸ್ಟಿಯರಿಂಗು, ಒಂದು ಕೈಯಲ್ಲಿ ಬಾಟಲಿ, ಗೇರು ಹಾಕುವ ಕೈ ಎಲ್ಲಿಂದ ತರಲಿ? ಅಂಗಡಿಯಲ್ಲಿ ಬಾಟಲಿ ಹಿಡಿದುಕೊಳ್ಳುವ ಪ್ಲಾಸ್ಟಿಕ್ಕಿನ ಕೊಂಡಿ ಸಿಗುತ್ತದೆ ಎಂದರು, ಕೊಂಡು ತಂದೆ. ಮೊದಲ ತಿರುವಿನಲ್ಲೇ ಕತ್ತು ಇಳಿಬಿಟ್ಟಿತು. ಹಾಲೆಲ್ಲ ಮರಿಯ ಕಿವಿಗೆ.

ಆಗ ನೆನಪಾಯಿತು ನೋಡು, ಅಪ್ಪನ ಕೊಕ್ಕರೆ! ಬಾಗಿಸಿದಲ್ಲಿ ನಿಲ್ಲುವ ಉಕ್ಕಿನ ಕತ್ತು, ಮೇಲೆ ಕೆಂಪು ರೆಕ್ಸಿನ್ನು, ತುದಿಯಲ್ಲಿ ಬಾಟಲಿ ಕೂರುವ ಬಳೆ. “ನಮ್ಮನೇವಳು ತನ್ನ ಪಾಡಿಗೆ ಗಾಡಿ ಓಡಿಸ್ತಾಳೆ, ಮಗಳು ತನ್ನ ಪಾಡಿಗೆ ಹಾಲು ಕುಡೀತಾಳೆ, ಯಾರ ಕೈಯೂ ಬೇಡ” ಎಂದು ಅಂಗಡಿಗೆ ಸೀಟು ಹೊಲಿಸಲು ಬಂದ ಗಿರಾಕಿಗಳಿಗೆಲ್ಲ ಅಪ್ಪ ಹೇಳುತ್ತಿದ್ದರಲ್ಲ, ನಾನು ಶಾಲೆಗೆ ಹೋಗುವ ಕಾಲದಲ್ಲೂ ಹೇಳುತ್ತಿದ್ದರು. ಅಮ್ಮನ ವ್ಯಾನಿನ ಜೊತೆಗೇ ಅದೂ ಹೋಯಿತು. ಅಂಥದ್ದೇ ಒಂದು ಹೊಲಿದು ಕಳಿಸು. ನೀನು ಕಳಿಸದಿದ್ದರೆ ನಾನೇ ತಂತಿ ಬಗ್ಗಿಸಿ ಏನಾದರೂ ಕಟ್ಟಿಕೊಳ್ಳುತ್ತೇನೆ. ನನ್ನ ಹಟ ನಿನಗೆ ಹೊಸದಲ್ಲ.

ಅಪ್ಪನಿಗೆ, ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ ತಂಗಿ

*

ಫೆಬ್ರುವರಿ 15

ಸಿಡುಕಿ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಎಂದರು, ಮತ್ತೆ ಓದಿದೆ. ಮಗಳು ವ್ಯಾನು ಹತ್ತಿದ್ದಾಳೆ ಎಂದು ಅವರಿಗೆ ಹಿಗ್ಗೋ ಹಿಗ್ಗು. ಡ್ರೈವರ್ ಸೀಟು ನಾರಿನದೋ ಸ್ಪಂಜಿನದೋ ಎಂದು ಕೇಳುತ್ತಿದ್ದಾರೆ. ಸ್ಪಂಜಿನದಾದರೆ ಸೊಂಟ ಹೋಗುತ್ತದಂತೆ. ನಾರು ತುಂಬಿದ ದಿಂಬೊಂದನ್ನು ಹೊಲಿದು ಕಳಿಸಿದ್ದೇನೆ, ಬೆನ್ನಿಗೆ ಇಟ್ಟುಕೋ. ಕಿಟಕಿಗೆ ಬಿಸಿಲು ತಡೆಯುವ ಪರದೆಯೂ ಅದರಲ್ಲೇ ಇದೆ, ಮರಿಯ ಮುಖಕ್ಕೆ ಬಿಸಿಲು ಬೀಳಬಾರದು.

ಕೊಕ್ಕರೆ ವಿಷಯ ನೋಡೋಣ. ಅದೆಲ್ಲ ಹಳೆಯ ಕಾಲದ್ದು. ಆ ಥರದ ಉಕ್ಕಿನ ಕತ್ತು ಈಗ ಪೇಟೆಯಲ್ಲಿ ಸಿಗುವುದಿಲ್ಲ. ಹಾಲಿನ ಹೊತ್ತಿಗೆ ಗಾಡಿಯನ್ನು ಒಂದು ಪಕ್ಕಕ್ಕೆ ನಿಲ್ಲಿಸಬಾರದೇ?

ಅಮ್ಮನ ವ್ಯಾನು ಎಂದೆಯಲ್ಲ, ನನಗೆ ಇಡೀ ದಿನ ಅದರದೇ ಧ್ಯಾನ. ಶಾಲೆಗೆ ಮುಂಚೆ ನಾನೂ ಹೋಗುತ್ತಿದ್ದೆ, ಹಿಂದುಗಡೆ ಬ್ರೆಡ್ಡಿನ ಟ್ರೇಗಳ ನಡುವೆ ಖಾಲಿ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂರುತ್ತಿದ್ದೆ. ಬಿಸಿ ಬ್ರೆಡ್ಡಿನ ಉಗಿಗೆ ಕಿಟಕಿ ಗಾಜು ಮಂಜು ಹಿಡಿಯುತ್ತಿತ್ತು, ಅದರ ಮೇಲೆ ಬೆರಳಲ್ಲಿ ಲೆಕ್ಕ ಬಿಡಿಸುತ್ತಿದ್ದೆ. ಅಮ್ಮ ಗೇರು ಹಾಕುವಾಗ ಬಳೆ ಸದ್ದು. ಮುಂದಿನ ಸೀಟಿನಲ್ಲಿ, ಅಪ್ಪ ಮರದ ಚೌಕಟ್ಟಿಗೆ ರೆಕ್ಸಿನ್ನು ಹೊಡೆದು ಮಾಡಿದ ಪುಟ್ಟ ಕುರ್ಚಿಯೊಳಗೆ ನೀನು. ಈಗಲೂ ಬೇಕರಿ ಮುಂದೆ ಹಾದುಹೋದರೆ ನನಗೆ ಕಾಲು ಮುಂದಕ್ಕೆ ಹೋಗುವುದಿಲ್ಲ.

ಒಂದು ಮಾತ್ರ ಆಗಲೂ ಅರ್ಥವಾಗಿರಲಿಲ್ಲ, ಈಗಲೂ ಆಗಿಲ್ಲ. ಅಮ್ಮ ಒಂದು ದಿನವೂ ಹೊತ್ತಿಗೆ ಸರಿಯಾಗಿ ತಲುಪಿದವಳಲ್ಲ. ಬೇಕರಿ ಸಾಹುಕಾರರೋ, ಊರಿಗೆಲ್ಲ ಎಗರಾಡುವ ಮನುಷ್ಯ. ಅಮ್ಮನಿಗೆ ಮಾತ್ರ ಒಂದು ಮಾತೂ ಅಂದದ್ದಿಲ್ಲ.

ಅಪ್ಪ ಅಂಟಿನ ಡಬ್ಬಿ ಹಿಡಿದು ಕಾಯುತ್ತಿದ್ದಾರೆ. ಅಂಗಡಿಯಿಂದ ಹೋಗುವ ಕಾಗದವನ್ನೆಲ್ಲ ಅವರೇ ಓದಿ ಅವರೇ ಅಂಟಿಸಬೇಕು, ಗೊತ್ತಲ್ಲ ನಿನಗೆ. ನಿಲ್ಲಿಸುತ್ತೇನೆ.

ನಿನ್ನ ಅಣ್ಣ

*

ಮಾರ್ಚ್ 1

ಅಣ್ಣಾ,

ದಿಂಬು ಬಂತು, ಪರದೆ ಬಂತು. ಕೇಳಿದ್ದು ಬರಲಿಲ್ಲ.

ಗಾಡಿ ನಿಲ್ಲಿಸಬಾರದೇ ಎಂದು ಬರೆಯುವುದು ಸುಲಭ. ಈಗಾಗಲೇ ಎರಡು ಸಲ ತಡವಾಗಿದೆ. ಗಡಿಯಾರ ಬೈಯುವುದಿಲ್ಲ, ಬೈದರೆ ವಾಸಿ. ಮಣಿಕಟ್ಟು ತಿರುಗಿಸಿ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನನಗಿಂತ ಮುಂಚೆ ಈ ರೂಟಿಗೆ ಬಂದಿದ್ದ ಇಬ್ಬರನ್ನು ಹಾಗೆಯೇ ನೋಡಿ ನೋಡಿ ಮನೆಗೆ ಕಳಿಸಿದರಂತೆ. ಈ ಕೆಲಸ ಹೋದರೆ ನನಗೆ ಇನ್ನೊಂದು ಸಿಗುವುದಿಲ್ಲ ಅಣ್ಣ. ಕೂಸು ಕಟ್ಟಿಕೊಂಡವಳಿಗೆ ಯಾರು ಗಾಡಿಯ ಕೀಲಿ ಕೊಡುತ್ತಾರೆ?

ಉಕ್ಕಿನ ಕತ್ತು ಸಿಗುವುದಿಲ್ಲವಂತೆ! ಹಳೆಯ ಮೇಜಿನ ದೀಪಕ್ಕೆಲ್ಲ ಇರುವುದು ಅದೇ ಕತ್ತು, ನನ್ನ ಕಿವಿಗೆ ಹೂವಿಡಬೇಡ. ನಾನು ಕೆಲಸಕ್ಕೆ ಹೋಗುವುದು ನಿನಗೆ ಇಷ್ಟವಿಲ್ಲದಿದ್ದರೆ ನೇರವಾಗಿ ಹೇಳು. ಇನ್ನೂ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೋ, ಪರವಾಗಿಲ್ಲ. ಅಂಗಡಿ ನಿನ್ನ ಕೈಗೆ ಬಂದ ಮೇಲೆ ಅಪ್ಪನನ್ನು ಅಂಟಿನ ಡಬ್ಬಿ ಕೊಟ್ಟು ಮೂಲೆಯ ಸ್ಟೂಲಿನಲ್ಲಿ ಕೂರಿಸಿಬಿಟ್ಟಿದ್ದೀಯಾ? ಕೊಕ್ಕರೆ ಅವರದು. ಅವರನ್ನು ಒಂದು ಮಾತು ಕೇಳಿದೆಯಾ?

ಸದ್ಯಕ್ಕೆ ಟವೆಲು ಸುತ್ತಿ, ಅದಕ್ಕೆ ಬಾಟಲಿ ಒರಗಿಸಿ ಇಡುತ್ತಿದ್ದೇನೆ. ಹೇಗೋ ನಡೆಯುತ್ತಿದೆ.

ತಂಗಿ

*

ಮಾರ್ಚ್ 12

ಸಿಡುಕಿ,

ನಿನ್ನ ಕಾಗದ ಓದುವಾಗ ಎರಡು ಸಾಲು ಹಾರಿಸಿದೆ. ಅಪ್ಪ ತಟ್ಟನೆ, “ಏನೋ ನುಂಗ್ದೆ, ಕಕ್ಕು” ಅಂದರು. ಓದಿದೆ. ಮೂಲೆ ಸ್ಟೂಲು ಎಂದು ಬಂದಾಗ ಗಹಗಹಿಸಿ ನಕ್ಕು, ಸ್ಟೂಲಿನಿಂದ ಇಳಿದೇ ಬಿಟ್ಟರು.

ಈಗ ಅಂಗಡಿಯಲ್ಲಿ ನಾನೇ ಪರಕೀಯ. ಅಟ್ಟದ ಸಾಮಾನೆಲ್ಲ ಕೆಳಗೆ ಬಂದಿದೆ. ಮುರಿದ ದೀಪವೊಂದರ ಕತ್ತು ಕಿತ್ತುಕೊಂಡಿದ್ದಾರೆ. ಗಿರಾಕಿಯ ಸೀಟಿಗೆಂದು ತಂದಿಟ್ಟಿದ್ದ ಕೆಂಪು ರೆಕ್ಸಿನ್ನಿನಲ್ಲಿ ಒಳ್ಳೆಯ ತುಂಡನ್ನೇ ಕತ್ತರಿಸಿಕೊಂಡಿದ್ದಾರೆ, ಕೇಳಿದರೆ “ನನ್ನ ಮಗಳಿಗೆ ಚೂರುಪಾರು ಹಾಕ್ಲಾ?” ಎನ್ನುತ್ತಾರೆ. ಮೊದಲಿನಂತೆಯೇ ಬಾಯಿ ತುಂಬ ಸಣ್ಣ ಮೊಳೆ, ಕಿವಿ ಸಂದಿಯಲ್ಲಿ ಸೀಮೆಸುಣ್ಣ, ಕೈಯಲ್ಲಿ ದಬ್ಬಳ. ಅಮ್ಮ ಹೋದ ಮೇಲೆ ಅವರು ಇಷ್ಟು ಚುರುಕಾಗಿ ಓಡಾಡಿದ್ದನ್ನು ನಾನು ಕಂಡಿರಲಿಲ್ಲ.

ಅವರಿಗೆ ಅಳತೆ ಬೇಕಂತೆ. ಟೇಪನ್ನು ಅವರು ನಂಬುವುದಿಲ್ಲ, ದಾರವೇ ಆಗಬೇಕು. ಬಾಟಲಿಗೆ ಹಾಲು ತುಂಬಿ, ಹೊಟ್ಟೆಯ ಸುತ್ತ ದಾರ ಸುತ್ತಿ, ಎರಡು ತುದಿ ಕೂಡುವಲ್ಲಿ ಗಂಟು ಹಾಕಿ ಕಳಿಸು.

ಟವೆಲಿಗೆ ಬಾಟಲಿ ಒರಗಿಸುವುದನ್ನು ಇವತ್ತೇ ಬಿಡು. ಏಕೆ ಎಂದು ವಾದಕ್ಕೆ ನಿಲ್ಲಬೇಡ. ಅಣ್ಣ ಹೇಳಿದ ಎಂದು ಬಿಡು, ನಿನ್ನ ದಮ್ಮಯ್ಯ.

ನೀನು ಕೆಲಸಕ್ಕೆ ಹೋಗುವುದು ನನಗೆ ಇಷ್ಟವೇ. ಅದನ್ನೂ ಬರೆದು ತಿಳಿಸಬೇಕಾಯಿತಲ್ಲ.

ಅಣ್ಣ

*

ಮಾರ್ಚ್ 20

ಅಣ್ಣಾ,

ದಾರ ಇದರ ಜೊತೆಗಿದೆ. ತುಂಬಿದ ಬಾಟಲಿಗೇ ಸುತ್ತಿದ್ದೇನೆ, ಗಂಟು ಭದ್ರವಾಗಿದೆ. ಹಿಂದಿನ ಕಾಗದದಲ್ಲಿ ನಾಲಿಗೆ ಉದ್ದ ಮಾಡಿದೆ, ಹೊಟ್ಟೆಗೆ ಹಾಕಿಕೋ. ಟವೆಲೂ ಬಿಟ್ಟೆ. ಈಗ ಕೆಂಪು ದೀಪ ಬಿದ್ದಲ್ಲೆಲ್ಲ ನಾಲ್ಕು ಗುಟುಕು ಕುಡಿಸುತ್ತೇನೆ, ಹಸಿರು ಬಿದ್ದರೆ ಕಿತ್ತುಕೊಳ್ಳುತ್ತೇನೆ, ಮುಂದಿನ ದೀಪದವರೆಗೂ ಮರಿಯಿಂದ ನನಗೆ ಸಹಸ್ರನಾಮ. ಕೊಕ್ಕರೆ ಬಂದರೆ ಇಬ್ಬರಿಗೂ ಬಿಡುಗಡೆ.

ನಿನಗೆ ಅಮ್ಮನ ಬಳೆ ಸದ್ದು ನೆನಪಿದೆ, ಬ್ರೆಡ್ಡಿನ ಉಗಿ ನೆನಪಿದೆ. ನನಗೆ ಆಗಿನದು ಏನೂ ಇಲ್ಲ. ಇರುವುದೆಲ್ಲ ಅಪ್ಪ ಹೇಳಿದ ಕಥೆ, ಕೆಂಪು ಕತ್ತಿನ ಒಂದು ಕೊಕ್ಕರೆ. ಒಂದು ವಿಷಯ ಹೇಳಲೇ? ಸಣ್ಣವಳಿದ್ದಾಗ ಅಪ್ಪ ಆ ಕಥೆ ಶುರುಮಾಡಿದರೆ ನಾನೂ ನಗುತ್ತಿದ್ದೆ, ಒಳಗೊಳಗೆ ಮಾತ್ರ ಪಿಚ್ಚೆನಿಸುತ್ತಿತ್ತು. ಪಕ್ಕದ ಮನೆ ಮಕ್ಕಳೆಲ್ಲ ಅಮ್ಮಂದಿರ ತೊಡೆ ಮೇಲೆ ಕುಡಿದವರು, ನಾನು ಒಂದು ದೀಪದ ಕಂಬದ ಕೈಯಲ್ಲಿ ಕುಡಿದವಳು. ಅಮ್ಮನಿಗೆ ಕೇಳಬೇಕೆಂದಿದ್ದೆ, “ನಿನಗೆ ನನ್ನ ಎತ್ಕೋಬೇಕು ಅನ್ನಿಸ್ತಿರ್ಲಿಲ್ವಾ?” ಎಂದು. ಕೇಳುವ ಹೊತ್ತಿಗೆ ಅವಳಿರಲಿಲ್ಲ. ಈಗ ನಾನೇ ಡ್ರೈವರ್ ಸೀಟಿನಲ್ಲಿ ಕೂತ ಮೇಲೆ ಅರ್ಥವಾಯಿತು, ಪಾಪ, ಅವಳಾದರೂ ಏನು ಮಾಡಿಯಾಳು ಎಂದು. ಕೋಪ ಹೋಯಿತು. ಬೇಜಾರು ಮಾತ್ರ ಹಾಗೇ ಇದೆ.

ಇದನ್ನು ಅಪ್ಪನಿಗೆ ಓದಬೇಡ. ಹಾರಿಸುವುದಾದರೆ ಈ ಸಲ ಸರಿಯಾಗಿ ಹಾರಿಸು.

ತಂಗಿ

*

ಏಪ್ರಿಲ್ 4

ಪ್ರೀತಿಯ ತಂಗಿಗೆ,

ಇದನ್ನು ಅಂಗಡಿಯಲ್ಲಿ ಬರೆಯುತ್ತಿಲ್ಲ. ಯಾರದೋ ಕಾರಿನ ಹಿಂದಿನ ಸೀಟು ಬಿಚ್ಚಿ ಹೊರಗೆ ಹಾಕಿದ್ದೇನೆ. ಆ ಕಾರಿನೊಳಗೆ, ಬರೀ ತಗಡಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಾನೇ ಅಂಟಿಸಿ ನಾನೇ ಅಂಚೆ ಡಬ್ಬಿಗೆ ಹಾಕುತ್ತೇನೆ.

ನಿನ್ನೆ ನಾನು ಫೋಮು ತರಲು ಹೋದಾಗ ಅಪ್ಪ ಕೊಕ್ಕರೆಯನ್ನು ಪೊಟ್ಟಣ ಕಟ್ಟಿ, ತಾವೇ ಅಂಚೆ ಕಚೇರಿಗೆ ನಡೆದು ಹೋಗಿ ಕಳಿಸಿಬಿಟ್ಟಿದ್ದಾರೆ. ಏನಾದರೂ ನೆಪ ಹೇಳಿ ತಡೆಯೋಣವೆಂದು ನಾನು ದಿನ ದೂಡುತ್ತಿದ್ದೆ. ನಿನ್ನ ಡಿಪೋಗೆ ಫೋನ್ ಮಾಡಿದೆ. ಡ್ರೈವರುಗಳಿಗೆ ಮನೆ ವಿಷಯ ಮುಟ್ಟಿಸುವುದಿಲ್ಲ ಎಂದು ಗುಮಾಸ್ತ ಇಟ್ಟುಬಿಟ್ಟ. ಈ ಕಾಗದ ಪೊಟ್ಟಣಕ್ಕಿಂತ ಮುಂಚೆ ತಲುಪಲಿ ಎಂದು ಬೇಡಿಕೊಳ್ಳುತ್ತೇನೆ. ಕೊಕ್ಕರೆಯನ್ನು ಬಳಸಬೇಡ.

ಅದು ಕೆಲಸ ಮಾಡಿದ್ದು ಒಂದೇ ದಿನ. ಆ ದಿನವೇ ಮೊದಲು, ಆ ದಿನವೇ ಕೊನೆ. ಅಮ್ಮ ಗಾಡಿ ಓಡಿಸುತ್ತಿದ್ದಳು, ನಾನು ಹಿಂದೆ ಪೆಟ್ಟಿಗೆ ಮೇಲಿದ್ದೆ. ನೀನು ಗುಟುಕ್ ಗುಟುಕ್ ಎಂದು ಕುಡಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಆ ಸದ್ದು ನಿಂತಿತು. ಮಲಗಿದಳೇನೋ ಎಂದು ಬಗ್ಗಿ ನೋಡಿದೆ. ಬಾಟಲಿ ಬಾಯಲ್ಲೇ ಇದೆ, ಹಾಲು ಮೂಗಿನಿಂದ ಬರುತ್ತಿದೆ, ಮುಖ ನೀಲಿಗಟ್ಟಿದೆ. ನಿನಗೆ ತಲೆ ತಿರುಗಿಸಲು ಆಗಿಲ್ಲ, ಕೊಕ್ಕರೆ ಬಿಡುವುದಿಲ್ಲವಲ್ಲ, ಅದಕ್ಕೇನು ಗೊತ್ತು. ನಾನು ಕಿರುಚಿದ ರಭಸಕ್ಕೆ ಅಮ್ಮ ಹಾಕಿದ ಬ್ರೇಕಿಗೆ ಟ್ರೇಗಳೆಲ್ಲ ನನ್ನ ಮೈಮೇಲೆ ಬಿದ್ದವು. ಅವಳು ನಿನ್ನನ್ನು ಕಿತ್ತು ಮೊಣಕೈ ಮೇಲೆ ಬೋರಲು ಹಾಕಿಕೊಂಡು ಬೆನ್ನು ಬಡಿದಳು, ಬಡಿದಳು. ಕೊನೆಗೆ ನೀನು ಅತ್ತೆ. ಆ ಅಳು ಕೇಳಿ ಅಮ್ಮ ರಸ್ತೆಯಂಚಿನಲ್ಲಿ ಕುಸಿದು ಕೂತಳು, ಅವಳೂ ಹೋ ಎಂದು ಅತ್ತಳು. ಅಮ್ಮ ಹಾಗೆ ಅತ್ತಿದ್ದನ್ನು ಮತ್ತೆ ನಾನು ನೋಡಿಲ್ಲ.

ಸುಧಾರಿಸಿಕೊಂಡ ಮೇಲೆ ಅವಳು ಹೇಳಿದ್ದು ಇಷ್ಟೇ. “ಅಪ್ಪಂಗೆ ಹೇಳ್ಬೇಡ ಕಣೋ. ಎಷ್ಟು ಆಸೆಯಿಂದ ಮಾಡಿದಾರೆ. ತಾನು ಮಾಡಿದ್ದರಿಂದ ಕೂಸಿಗೆ ಹೀಗಾಯ್ತು ಅಂತ ಗೊತ್ತಾದ್ರೆ ಮತ್ತೆ ಸೂಜಿ ಹಿಡಿಯಲ್ಲ ಅವ್ರು.”

ಆಮೇಲೆ ದಿನವೂ ಅಮ್ಮ ಗಾಡಿ ನಿಲ್ಲಿಸುತ್ತಿದ್ದಳು. ನೀರಿನ ಟ್ಯಾಂಕಿನ ಹಿಂದೆ ಒಂದು ಗೋಡೆಯಿತ್ತು, ಅದರ ನೆರಳಿಗೆ. ಎಂಜಿನ್ ಆರಿಸಿ ನಿನ್ನನ್ನು ತೊಡೆ ಮೇಲೆ ಹಾಕಿಕೊಂಡು ಕುಡಿಸುತ್ತಿದ್ದಳು. ಅವಸರ ಮಾಡುತ್ತಿರಲಿಲ್ಲ. ನೀನು ಅವಳ ಬಳೆ ಹಿಡಿದುಕೊಂಡು ಕುಡಿಯುತ್ತಿದ್ದೆ. ನನಗೆ ಒಂದು ಬನ್ನು ಸಿಗುತ್ತಿತ್ತು. ಕೊಕ್ಕರೆ ಮಾತ್ರ ಖಾಲಿ ಬಾಯಿ ತೆರೆದುಕೊಂಡು ಮೇಲೆ ತೂಗುತ್ತಿತ್ತು, ಅಪ್ಪ ನೋಡಲೆಂದು. ನೀನು ಬಾಟಲಿ ಬಿಡುವವರೆಗೂ ಹೀಗೇ ನಡೆಯಿತು.

ದೀಪದ ಕಂಬದ ಕೈಯಲ್ಲಿ ಕುಡಿದವಳು ಎಂದು ಬರೆದೆಯಲ್ಲ. ಅದನ್ನು ಓದಿದ ಮೇಲೆ ಬಾಯಿ ಮುಚ್ಚಿಕೊಂಡು ಇರಲು ನನ್ನಿಂದ ಆಗಲಿಲ್ಲ. ಅಮ್ಮನಿಗೆ ಕೊಟ್ಟ ಮಾತು ಮುರಿದೆ, ಅವಳೇನೂ ಅಂದುಕೊಳ್ಳುವುದಿಲ್ಲ.

ಅಪ್ಪನಿಗೆ ಇದಾವುದೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಈ ವಯಸ್ಸಿನಲ್ಲಿ ಅವರು ತಡೆದುಕೊಳ್ಳಲಾರರು.

ಅಣ್ಣ

*

ಏಪ್ರಿಲ್ 8

ಅಣ್ಣಾ,

ಇದನ್ನು ಅತ್ತಿಗೆ ಪಾಠ ಹೇಳುವ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅಪ್ಪನ ಕೈಗೆ ಸಿಗಬಾರದು.

ಕೊಕ್ಕರೆ ಬಂತು. ಏನು ಚೆಂದ ಅಂತೀಯಾ! ಕತ್ತಿನ ಹೊಲಿಗೆ ಹುಡುಕಿದರೂ ಕಾಣುವುದಿಲ್ಲ. ಕಣ್ಣಿನ ಜಾಗಕ್ಕೆ ಎರಡು ಕರಿ ಗುಂಡಿ ಬೇರೆ ಹಚ್ಚಿದ್ದಾರೆ, ಮರಿ ಅದನ್ನು ನೋಡಿ ಕೇಕೆ ಹಾಕುತ್ತದೆ. ಬೆಳಗ್ಗೆ ವ್ಯಾನಿಗೆ ಬಿಗಿದು, ಬಾಟಲಿ ತುಂಬಿ, ಬಳೆಯೊಳಗೆ ಕೂರಿಸಲು ಹೋದರೆ ಕೂರಲೇ ಇಲ್ಲ. ಒತ್ತಿದೆ, ತಿರುಚಿದೆ, ಬುಡದಿಂದ ನೋಡಿದೆ, ತಲೆಯಿಂದ ನೋಡಿದೆ. ಬಳೆ ಅಷ್ಟು ಚಿಕ್ಕದು. ಒಳಗೆ ಗಟ್ಟಿ ಪಟ್ಟಿ, ಹಿಗ್ಗಿಸಲೂ ಬರುವುದಿಲ್ಲ.

ಅಪ್ಪನ ಅಳತೆ ತಪ್ಪಿದೆ ಅಣ್ಣ. ನಮ್ಮ ಅಪ್ಪನ ಅಳತೆ! ಕಣ್ಣಳತೆಯಲ್ಲೇ ಬಸ್ಸಿನ ಸೀಟು ಕತ್ತರಿಸುತ್ತಿದ್ದವರು. ದಾರವನ್ನೇ ಕಳಿಸಿದ್ದೆ, ಆದರೂ. ನನಗೆ ಅಳು ಬಂದುಬಿಟ್ಟಿತು. ಅವರ ಕಣ್ಣು ಮಂಜಾಗಿದೆಯೇ? ಕೈ ನಡುಗುತ್ತದೆಯೇ? ಇದನ್ನೇ ನನ್ನಿಂದ ಮುಚ್ಚಿಡಲು ನೀನು ಕೊಕ್ಕರೆ ಬೇಡ, ಉಕ್ಕು ಸಿಗುವುದಿಲ್ಲ ಎಂದೆಲ್ಲ ಸುತ್ತಿ ಬಳಸಿ ಬರೆಯುತ್ತಿದ್ದೆ ಅಲ್ಲವೇ? ನಾನು ಏನೇನೋ ಅಂದೆ.

ಬಿಚ್ಚಿ ಬಳೆ ದೊಡ್ಡದು ಮಾಡಿಸೋಣವೆಂದು ಕತ್ತರಿ ತೆಗೆದುಕೊಂಡೆ. ಮನಸ್ಸು ಬರಲಿಲ್ಲ. ಅಪ್ಪನ ಹೊಲಿಗೆಗೆ ನಾನು ಕತ್ತರಿ ಹಾಕಲೇ? ಬೇರೆ ಏನೋ ತಂತಿ ಗಿಂತಿ ಕಟ್ಟಲೂ ಮನಸ್ಸಾಗಲಿಲ್ಲ. ಸೇತುವೆ ಇಳಿದ ಮೇಲೆ ಗಾಡಿ ನಿಲ್ಲಿಸಿ, ಮರಿಯನ್ನು ತೊಡೆ ಮೇಲೆ ಹಾಕಿಕೊಂಡು ಕುಡಿಸಿದೆ. ತಡವಾಯಿತು, ಆಗಲಿ.

ಅಪ್ಪ ಕೇಳಿದರೆ ಕೊಕ್ಕರೆ ಬೊಂಬಾಟಾಗಿ ಕೆಲಸ ಮಾಡುತ್ತಿದೆ ಎಂದು ಹೇಳು. ಅವರನ್ನು ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ನನ್ನ ಹೆಸರು ಎತ್ತಬೇಡ.

ತಂಗಿ

*

ಏಪ್ರಿಲ್ 11

ಅಣ್ಣಾ,

ನಿನ್ನ ಕಾಗದ ಇವತ್ತು ಬಂತು. ಗೇಟಿನಲ್ಲಿ ಓದಿದೆ. ಗಾಡಿ ತೆಗೆಯಲು ಆಗಲಿಲ್ಲ. ಗಡಿಯಾರ ಬಂದು “ಏನಮ್ಮ, ಯಾರಿಗಾದ್ರೂ ಏನಾದ್ರೂ ಆಯ್ತಾ?” ಎಂದರು. ಯಾರಿಗೂ ಏನೂ ಆಗಲಿಲ್ಲ ಸಾರ್, ಅದಕ್ಕೇ ಅಳುತ್ತಿದ್ದೇನೆ ಎಂದೆ. ಪಾಪ, ಆ ಮನುಷ್ಯನಿಗೆ ಏನು ಅರ್ಥವಾಯಿತೋ.

ಟವೆಲಿಗೆ ಒರಗಿಸಿ ಇಟ್ಟ ಒಂದೊಂದು ದಿನವನ್ನೂ ನೆನೆದು, ಮರಿಯನ್ನು ಮುಟ್ಟಿ ಮುಟ್ಟಿ ನೋಡಿದೆ.

ಆಮೇಲೆ ಇನ್ನೊಂದು ಸಾಲು ಓದಿದೆ. ಅವಸರ ಮಾಡುತ್ತಿರಲಿಲ್ಲ ಎಂದಿದ್ದೀಯಲ್ಲ. ಬೇರೆ ಏನೂ ಬರೆಯಲು ತೋಚುತ್ತಿಲ್ಲ. ಅಮ್ಮ ಅವಸರ ಮಾಡುತ್ತಿರಲಿಲ್ಲ.

ತಂಗಿ

*

ಏಪ್ರಿಲ್ 22

ತಂಗೀ,

ಒಂದು ವಿಷಯ ಹೇಳಬೇಕು, ಹೇಗೆ ಶುರುಮಾಡಲಿ ತಿಳಿಯುತ್ತಿಲ್ಲ.

ನಿನ್ನ ಕಾಗದ ಓದಿದಂದಿನಿಂದ ನಾನು ಅಪ್ಪನ ಕೈಯನ್ನೇ ನೋಡುತ್ತಿದ್ದೆ. ನಡುಕವಿಲ್ಲ. ಸ್ಕೂಟರಿನ ಸೀಟು ಕವರೊಂದನ್ನು ಹೊಲಿಯಲು ಕೊಟ್ಟೆ, ಕೈಗವಸಿನಂತೆ ಕೂತಿತು. ಸೂಜಿಗೆ ದಾರ ಪೋಣಿಸಿಕೊಡಿ ಎಂದೆ, ಕನ್ನಡಕವಿಲ್ಲದೆ ಒಂದೇ ಸಲಕ್ಕೆ ಪೋಣಿಸಿದರು. ಕೊನೆಗೆ ತಡೆಯಲಾಗದೆ ಕೇಳಿಯೇ ಬಿಟ್ಟೆ. “ಅಪ್ಪಾ, ಕೊಕ್ಕರೆ ಬಳೆ ಚಿಕ್ಕದಾಯ್ತಂತೆ. ಅಳತೆ ಏನಾದ್ರೂ ತಪ್ತಾ?”

ಬಾಯಲ್ಲಿ ಮೊಳೆಗಳಿದ್ದವು. ಒಂದೊಂದಾಗಿ ಅಂಗೈಗೆ ಉಗಿದುಕೊಂಡರು. ಅಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದರು.

“ನನ್ನ ಅಳತೆ ಯಾವತ್ತು ತಪ್ಪಿದೆಯೋ?”

ನನಗೆ ತಲೆಬುಡ ತಿಳಿಯಲಿಲ್ಲ. ಅವರೇ ಮುಂದುವರಿಸಿದರು. “ನಿಮ್ಮಮ್ಮನ ಗಾಡಿ ಸೀಟೆಲ್ಲ ಬಿಚ್ಚಿ ಹೊಸದಾಗಿ ಹೊಲೀತಿದ್ದೋನು ಯಾರು? ನಾನು ತಾನೆ. ಹಾಲು ಬಿದ್ದ ನಾರು ಎಷ್ಟು ಒಗೆದ್ರೂ ಹುಳಿ ವಾಸನೆ ಬಿಡಲ್ಲ. ಕೊಕ್ಕರೆ ಕತ್ತು ಮೂಸಿ ನೋಡ್ದೆ, ಹೊಸ ರೆಕ್ಸಿನ್ ವಾಸನೆ. ಕೂಸಿನ ಕುರ್ಚಿ ಮೂಸ್ದೆ, ಅಲ್ಲೂ ಇಲ್ಲ. ಡ್ರೈವರ್ ಸೀಟಿನ ಎಡಗಡೆ ಮಾತ್ರ ಒಂದಂಗೈ ಅಗಲ ಹಾಲಿನ ಕಲೆ. ನಾನೇನು ಅಷ್ಟೂ ತಿಳೀದ ದಡ್ಡನಾ?”

“ಅಂದ್ರೆ ಗೊತ್ತಿತ್ತಾ ನಿಮಗೆ?”

“ಏನಾಯ್ತು ಅಂತ ಗೊತ್ತಿಲ್ಲ. ಏನೋ ಆಗಿದೆ ಅಂತ ಗೊತ್ತಿತ್ತು. ಮೊದಲ್ನೇ ದಿನ ಗಾಡಿ ಇಳಿದು ಬಂದಾಗ ಅವಳ ಮುಖ ನೋಡಿದ್ರೆ ಸಾಕಿತ್ತು. ಕೇಳೋಕೆ ನನಗೇ ಧೈರ್ಯ ಬರ್ಲಿಲ್ಲ.”

ಬೇಕರಿ ಸಾಹುಕಾರರು ಅಮ್ಮನಿಗೆ ಏಕೆ ಏನೂ ಅನ್ನುತ್ತಿರಲಿಲ್ಲ ಎಂದು ನಾನು ಬರೆದಿದ್ದೆನಲ್ಲ, ಅದಕ್ಕೂ ಉತ್ತರ ಸಿಕ್ಕಿತು. ಅಪ್ಪ ಅವರ ಮನೆಗೇ ಹೋಗಿ ಮಾತಾಡಿಕೊಂಡು ಬಂದಿದ್ದರಂತೆ. ಬೇಕರಿಯ ಗಾಡಿಗಳ ಸೀಟನ್ನೆಲ್ಲ ಪುಕ್ಕಟೆ ಹೊಲಿದುಕೊಡುತ್ತೇನೆ, ಆಕೆ ತಡವಾಗಿ ಬಂದರೆ ಕೇಳಬೇಡಿ ಎಂದು. ಎಷ್ಟು ವರ್ಷ ಹೊಲಿದರು ಅಪ್ಪ ಆ ಸೀಟುಗಳನ್ನು! ನಾವೆಲ್ಲ ಅದನ್ನು ಸ್ನೇಹಕ್ಕೆಂದು ತಿಳಿದಿದ್ದೆವು.

“ಹಾಗಾದ್ರೆ ಗಿರಾಕಿಗಳಿಗೆಲ್ಲ ಕೊಕ್ಕರೆ ಬಗ್ಗೆ ಯಾಕೆ ಅಷ್ಟು ಕೊಚ್ಕೋತಿದ್ರಿ?”

“ಅವಳಿಗೆ ಕೇಳಿಸ್ಲಿ ಅಂತ. ನನಗೇನೂ ಗೊತ್ತಿಲ್ಲ ಅಂದ್ಕೊಂಡು ಅವಳು ನಿರಾಳವಾಗಿ ಗಾಡಿ ನಿಲ್ಲಿಸ್ಕೊಳ್ಲಿ ಅಂತ. ನನಗೆ ಗೊತ್ತು ಅಂತ ಗೊತ್ತಾಗಿದ್ರೆ ಸಂಕೋಚಪಟ್ಕೊಂಡು ಓಡೋಡಿ ಕುಡಿಸ್ತಿದ್ಲು.”

ನಿನ್ನ ವಿಷಯ ಕೇಳಿದೆ. ಬೇಡ ಎಂದು ನೇರವಾಗಿ ಬರೆಸಬಹುದಿತ್ತಲ್ಲ ಎಂದೆ.

“ಬೇಡ ಅಂದ್ರೆ ಕೇಳೋಳಾ ಅವಳು? ತಂತಿ ಬಗ್ಗಿಸ್ತೀನಿ ಅಂತ ಮೊದಲ್ನೇ ಕಾಗದದಲ್ಲೇ ಹೆದರಿಸಿದ್ಲು. ಅಪ್ಪ ಮಾಡಿದ್ದು ಕಣ್ಮುಂದೆ ಇದ್ರೆ ಇನ್ನೊಂದು ಮಾಡ್ಕೊಳ್ಳೋಕೆ ಅವಳಿಗೆ ಮನಸ್ಸು ಬರಲ್ಲ, ಬಿಚ್ಚೋಕೂ ಬರಲ್ಲ. ಅಪ್ಪಂಗೆ ವಯಸ್ಸಾಯ್ತು ಅಂತ ಒಂದಿಷ್ಟು ಅಳ್ತಾಳೆ. ಅತ್ತು, ಗಾಡಿ ನಿಲ್ಲಿಸಿ, ಕುಡಿಸ್ತಾಳೆ.” ಮತ್ತೆ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುತ್ತ, “ಇದನ್ನೆಲ್ಲ ಅವಳಿಗೆ ಬರೀಬೇಡ” ಅಂದರು.

ಬರೆದಿದ್ದೇನೆ. ಈ ಮನೆಯಲ್ಲಿ ಯಾರ ಮಾತನ್ನು ಯಾರಿಂದ ಮುಚ್ಚಿಡಬೇಕೋ ನನಗೆ ಲೆಕ್ಕ ತಪ್ಪಿಹೋಗಿದೆ. ಅಮ್ಮ ಇದ್ದಿದ್ದರೆ ಎಂದು ಮಾತ್ರ ತುಂಬ ಅನ್ನಿಸುತ್ತಿದೆ.

ಅಣ್ಣ

*

ಮೇ 6

ಅಣ್ಣಾ,

ಮೂರು ತಿಂಗಳು ಮುಗಿಯಿತು. ಕರೆಯುವ ಮೊದಲೇ ನಾನಾಗಿ ಗಡಿಯಾರದ ಎದುರು ಹೋಗಿ ನಿಂತೆ. “ಸಾರ್, ದಿನಾ ದಾರೀಲಿ ಗಾಡಿ ನಿಲ್ಲಿಸಿ ಮಗೂಗೆ ಹಾಲು ಕುಡಿಸ್ತೀನಿ. ಅದು ಎಷ್ಟು ಹೊತ್ತು ಕುಡಿಯುತ್ತೋ ಅಷ್ಟು ಹೊತ್ತು. ಕದ್ದು ನಿಲ್ಲಿಸಲ್ಲ, ಹೇಳೇ ನಿಲ್ಲಿಸ್ತೀನಿ” ಎಂದೆ. ಅವರು ಮಣಿಕಟ್ಟು ತಿರುಗಿಸಿದರು. ಸುಮ್ಮನೆ ಗಾಜು ಒರೆಸಿದರು. “ಹೋಟೆಲ್ ರೂಟು ಹಾಗೆ ಆಗಲ್ಲಮ್ಮ. ಆಸ್ಪತ್ರೆ ರೂಟು ತಗೋ. ಸಂಬಳ ಕಮ್ಮಿ, ಹೊತ್ತಿನ ಕಾಟ ಇಲ್ಲ” ಎಂದರು. ದೊಡ್ಡ ರೂಟು ಹೋಯಿತು, ಕೆಲಸ ಉಳಿಯಿತು. ಈ ತಿಂಗಳಿಂದ ಕಾಯಂ.

ಆಸ್ಪತ್ರೆಯ ಹಿಂಬದಿ, ಬಟ್ಟೆ ಇಳಿಸುವ ಕಟ್ಟೆಯ ಪಕ್ಕ ನೆರಳಿದೆ. ಅಲ್ಲೇ ನಮ್ಮ ಠಿಕಾಣಿ. ಎಂಜಿನ್ ಆರಿಸಿದ ಕೂಡಲೇ ಮರಿಗೆ ತಿಳಿಯುತ್ತದೆ, ಕೈಕಾಲು ಬಡಿಯಲು ಶುರು. ಕುಡಿಯುತ್ತ ಕುಡಿಯುತ್ತ ನನ್ನನ್ನೇ ನೋಡುತ್ತದೆ. ನಾನು ಇಷ್ಟು ದಿನ ರಸ್ತೆ ನೋಡುತ್ತಿದ್ದೆನಲ್ಲ, ಇದು ನನ್ನನ್ನು ಹೀಗೆ ನೋಡುತ್ತದೆ ಎಂದು ಗೊತ್ತೇ ಇರಲಿಲ್ಲ. ಅಮ್ಮ ಏನು ನೋಡುತ್ತಿದ್ದಳೋ ಅದನ್ನೇ ನಾನೂ ನೋಡುತ್ತಿದ್ದೇನೆ ಅಣ್ಣ.

ಇಲ್ಲಿವರೆಗಿನದನ್ನು ಹರಿದು ಜೇಬಿಗೆ ಹಾಕಿಕೋ. ಇನ್ನು ಕೆಳಗಿನದನ್ನು ಅಪ್ಪನ ಮುಂದೆ ಗಟ್ಟಿಯಾಗಿ ಓದು, ಅಂಗಡಿಯಲ್ಲಿ ಗಿರಾಕಿಗಳಿರುವಾಗಲೇ ಓದು.

ಅಪ್ಪಾ,

ನಿಮ್ಮ ಕೊಕ್ಕರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ. ಬಾಟಲಿ ಅಳತೆಗೆ ಸರಿಯಾಗಿ ಕೂತಿದೆ. ಡಿಪೋದ ಡ್ರೈವರುಗಳೆಲ್ಲ ಬಂದು ಬಂದು ನೋಡುತ್ತಾರೆ. ನಾನು ನನ್ನ ಪಾಡಿಗೆ ಗಾಡಿ ಓಡಿಸುತ್ತೇನೆ, ಮರಿ ಅದರ ಪಾಡಿಗೆ ಹಾಲು ಕುಡಿಯುತ್ತದೆ, ಯಾರ ಕೈಯೂ ಬೇಡ. ದಾರಿಯಲ್ಲಿ ನಾನು ಎಲ್ಲೂ ನಿಲ್ಲಿಸುವುದಿಲ್ಲ.

ನಿಮ್ಮ ಮಗಳು